ಎರಡು ಹಿಡಿಯ ಗರಗಸ

"ಗುರುಗಳೇ, ಒಂದು ವಸ್ತುವನ್ನು ಇಟ್ಟುಕೊಳ್ಳಬೇಕೋ, ಕೊಟ್ಟುಬಿಡಬೇಕೋ ಎಂದು ತೀರ್ಮಾನಿಸುವುದು ಹೇಗೆ?"

ಕೇಳಿದವನು ಹಾಲೇಶ. ಮೌನೇಶಾಚಾರ್ಯರ ಬಳಿ ಮರದ ಕೆತ್ತನೆ ಕಲಿಯುತ್ತಿದ್ದ.

"ಯಾವ ವಸ್ತು? ಸುತ್ತಿ ಬಳಸಿ ಕೇಳಬೇಡ."

"ಗೇಮ್ ಕನ್ಸೋಲ್. ಟಿವಿಗೆ ಜೋಡಿಸಿ ಇಬ್ಬರು ಪಕ್ಕಪಕ್ಕ ಕೂತು ಆಟ ಆಡುವ ಪೆಟ್ಟಿಗೆ. ಈಗ ನಾನು ಆಡುವುದೆಲ್ಲ ನನ್ನ ಕೋಣೆಯ ಕಂಪ್ಯೂಟರಿನಲ್ಲಿ. ಅದು ಸುಮ್ಮನೆ ಕೂತಿದೆ. ಆದರೂ ವಾರಕ್ಕೊಮ್ಮೆ ಒರೆಸಿ ಇಡುತ್ತೇನೆ. ಕೆಲವು ಆಟಗಳು ಅದರಲ್ಲಿ ಮಾತ್ರ ಬರುತ್ತವೆ. ಸಂಜೆ ಒಬ್ಬರು ಬಂದು ಒಯ್ಯುತ್ತೇನೆ ಅಂದಿದ್ದಾರೆ. ಬೆಳಗಿನಿಂದ ಹೂಂ ಅನ್ನಲೂ ಆಗುತ್ತಿಲ್ಲ, ಊಹೂಂ ಅನ್ನಲೂ ಆಗುತ್ತಿಲ್ಲ."

"ಅದಕ್ಕೇ ಬೆಳಗಿನಿಂದ ಕೆತ್ತುವ ಹೂವಿನ ಎರಡು ಎಸಳು ಮುರಿದಿದ್ದೀಯೆ," ಎಂದರು ಗುರುಗಳು. "ಉಳಿ ಕೆಳಗಿಡು. ಕೇಳು."

ಒಂದು ಊರಿನಲ್ಲಿ ಒಬ್ಬ ಮರ ಕೊಯ್ಯುವವನಿದ್ದ. ಅವನಿಗೊಬ್ಬ ಜೊತೆಗಾರ. ಇಬ್ಬರ ನಡುವೆ ಒಂದು ಆಳುದ್ದದ ಗರಗಸ, ಎರಡು ತುದಿಗೂ ಒಂದೊಂದು ಹಿಡಿ. ನೀನು ಅಂಥದ್ದನ್ನು ಮುಟ್ಟಿದವನಲ್ಲ, ಅದಕ್ಕೆ ಹೇಳುತ್ತೇನೆ. ಆ ಗರಗಸವನ್ನು ಎಳೆಯಬೇಕು, ತಳ್ಳಬಾರದು. ಒಬ್ಬ ಎಳೆಯುವಾಗ ಇನ್ನೊಬ್ಬ ಬಿಟ್ಟುಕೊಡಬೇಕು. ತಳ್ಳಿದರೆ ಅಲಗು ಬಾಗಿ ಮರದಲ್ಲಿ ಕಚ್ಚಿಕೊಳ್ಳುತ್ತದೆ. ಹತ್ತು ವರ್ಷ ಜೊತೆಯಲ್ಲಿ ಕೊಯ್ದು ಅವರಿಬ್ಬರ ಕೈ ಕೂಡಿತ್ತು.

ಆಮೇಲೆ ಕೊಯ್ಯುವವನು ಒಬ್ಬನೇ ಹಿಡಿಯುವ ಸಣ್ಣ ಗರಗಸ ತಂದ. ಕಿಟಕಿಯ ಚೌಕಟ್ಟು, ಮಂಚದ ಕಾಲು, ಇಂಥ ಕೆಲಸವೇ ಹೆಚ್ಚು. ಯಾರಿಗೂ ಕಾಯಬೇಕಾಗಿಲ್ಲ, ಯಾರ ಮಾತೂ ಕೇಳಬೇಕಾಗಿಲ್ಲ. ಜೊತೆಗಾರನೊಡನೆ ಜಗಳವೇನೂ ಆಗಲಿಲ್ಲ. ಕರೆಯುವುದು ನಿಂತಿತು, ಅಷ್ಟೇ. ಜೊತೆಗಾರ ಎರಡು ಸಲ ತಾನಾಗಿ ಬಂದು ಅಂಗಳದಲ್ಲಿ ನಿಂತ. "ಈಗ ಕೆಲಸವಿಲ್ಲ, ಬಂದರೆ ಹೇಳಿ ಕಳಿಸುತ್ತೇನೆ" ಎಂದ ಇವನು. ಮೂರನೆಯ ಸಲ ಅವನು ಬರಲಿಲ್ಲ.

ದೊಡ್ಡ ಗರಗಸವನ್ನು ಮಾತ್ರ ಇವನು ಯಾರಿಗೂ ಕೊಡಲಿಲ್ಲ. ಅಮಾವಾಸ್ಯೆಗೊಮ್ಮೆ ಗೋಡೆಯಿಂದ ಇಳಿಸಿ, ಹಲ್ಲು ಮಸೆದು, ಎಣ್ಣೆ ಸವರಿ ಮತ್ತೆ ತೂಗುಹಾಕುತ್ತಿದ್ದ. ಕೇಳಿಕೊಂಡು ಬಂದವರಿಗೆ, "ಎಂದಾದರೂ ಬೇಕಾಗುತ್ತದೆ" ಎನ್ನುತ್ತಿದ್ದ. ಬಲು ಬುದ್ಧಿವಂತ.

"ಬೇಕಾಯಿತೇ?" ಎಂದ ಹಾಲೇಶ.

"ನಡುವೆ ಬಾಯಿ ಹಾಕಬೇಡ. ಬೇಕಾಯಿತು."

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಅವನ ಹಿತ್ತಲಲ್ಲಿ ಪೇರಿಸಿದ್ದ ದಿಮ್ಮಿಗಳು ಜಾರಿದವು. ಒಲೆಗೆ ಚಕ್ಕೆ ಆಯುತ್ತಿದ್ದ ಹೆಂಡತಿ ಕೆಳಗೆ ಸಿಕ್ಕಿದಳು. ದಪ್ಪ ದಿಮ್ಮಿಯೊಂದು ಅವಳ ಕಾಲಿನ ಮೇಲೆ ಅಡ್ಡ ಬಿದ್ದಿತ್ತು. ಉಳಿದ ರಾಶಿ ಆ ದಿಮ್ಮಿಯ ಒಂದು ತುದಿಗೆ ಒರಗಿ ನಿಂತಿತ್ತು. ದಿಮ್ಮಿಯನ್ನು ಎತ್ತಿದರೆ ರಾಶಿಯೆಲ್ಲ ಅವಳ ಎದೆಯ ಮೇಲೆ ಬರುತ್ತದೆ. ಅದನ್ನು ನಡುವೆ ಕೊಯ್ದು, ಅವಳ ಮೇಲಿನ ತುಂಡನ್ನಷ್ಟೇ ತೆಗೆಯಬೇಕು. ಸಣ್ಣ ಗರಗಸ ಆ ದಪ್ಪಕ್ಕೆ ಅರ್ಧವೂ ಇಳಿಯದು.

ಅವನು ಓಡಿಹೋಗಿ ದೊಡ್ಡದನ್ನು ತಂದ. ಒಂದು ಚುಕ್ಕೆ ತುಕ್ಕಿಲ್ಲ. ಸದ್ದು ಕೇಳಿ ಕೂಡಿದವರಲ್ಲಿ ಒಬ್ಬ ಗಟ್ಟಿಗ ಆ ಕಡೆಯ ಹಿಡಿ ಹಿಡಿದ. ಗಟ್ಟಿಗನಿಗೆ ಎಳೆಯಲು ಬಂತು, ಬಿಟ್ಟುಕೊಡಲು ಬರಲಿಲ್ಲ. ನಾಲ್ಕನೆಯ ಎಳೆತಕ್ಕೆ ಅಲಗು ಕಚ್ಚಿಕೊಂಡಿತು. ಬಿಡಿಸಲು ಜಗ್ಗಿದಾಗ ರಾಶಿ ಒಂದು ಬೆರಳಿನಷ್ಟು ಜಾರಿತು. ಅವಳು ಕಿರುಚಿದಳು. ಎಲ್ಲರೂ ಕೈ ತೆಗೆದರು.

ಅವಳೇ ಹೇಳಿದಳು: "ಅವನನ್ನು ಕರೀರಿ."

ಯಾರನ್ನು ಎಂದು ಗಂಡ ಕೇಳಲಿಲ್ಲ. "ಯಾವ ಮುಖ ಇಟ್ಟುಕೊಂಡು ಕರೀಲಿ?" ಎಂದ.

"ನಾನು ಸತ್ತ ಮೇಲೆ ಆ ಮುಖ ಇಟ್ಟುಕೊಂಡು ಏನು ಮಾಡ್ತೀರಿ?"

ಜೊತೆಗಾರನ ಮನೆ ಎಷ್ಟು ದೂರ ಅಂದುಕೊಂಡೆ? ಹಿಂದಿನ ಬೀದಿ. ಇವನು ಓಡಿದ. ಬಾಗಿಲ ಮುಂದೆ ಹೋಗಿ ನಿಂತುಬಿಟ್ಟ. ಹೆಸರು ಹಿಡಿದು ಕೂಗಬೇಕು, ಬಾಗಿಲಿಗೆ ಕೈ ಎತ್ತಿ ಮತ್ತೆ ಇಳಿಸಿದ. ಅಲ್ಲಿ ಹಿತ್ತಲಲ್ಲಿ ರಾಶಿ ಜಾರುತ್ತಿದೆ, ಇಲ್ಲಿ ಇವನಿಗೆ ನಾಚಿಕೆ. ಹೇಳುವಾಗಲೂ ನನಗೆ ಸಿಟ್ಟು ಬರುತ್ತದೆ. ಕೊನೆಗೆ ಬಾಗಿಲು ಬಡಿದ.

ಜೊತೆಗಾರ ಹೊರಗೆ ಬಂದ. "ಕೆಲಸ ಬಂತಾ?" ಎಂದ.

ಇವನು ತಲೆ ತಗ್ಗಿಸಿ ವಿಷಯ ಹೇಳಿದ. ಪೂರ್ತಿ ಕೇಳುವ ಮೊದಲೇ ಜೊತೆಗಾರ ಬರಿಗಾಲಲ್ಲಿ ಓಡಿದ.

ಅಲಗನ್ನು ಮೆಲ್ಲನೆ ಬಿಡಿಸಿಕೊಂಡು ಇಬ್ಬರೂ ಎದುರುಬದುರು ಕೂತರು. ಮೊದಲ ಎಳೆತಗಳು ಸೇರಲಿಲ್ಲ. ಮೂರು ವರ್ಷವೆಂದರೆ ಕಡಿಮೆಯಲ್ಲ. ರಾಶಿ ಇನ್ನೊಮ್ಮೆ ಕಿರಗುಟ್ಟಿತು. "ಮರ ನೋಡಬೇಡ, ನನ್ನನ್ನು ನೋಡು" ಎಂದ ಜೊತೆಗಾರ. ಇವನು ತಲೆಯೆತ್ತಿದ. ನೋಡುವುದು ಸುಲಭವಿರಲಿಲ್ಲ, ಆದರೂ ನೋಡಿದ. ಕೈ ಕೂಡಿತು. ಸ್ವಲ್ಪ ಹೊತ್ತಿಗೆ ದಿಮ್ಮಿ ಎರಡಾಯಿತು. ಅವಳನ್ನು ಹೊರಗೆ ಎಳೆದುಕೊಂಡರು.

ಜೀವ ಉಳಿಯಿತು. ಕಾಲು ಮೊದಲಿನಂತಾಗಲಿಲ್ಲ. ಬಾಗಿಲ ಮುಂದೆ ಅಷ್ಟು ಹೊತ್ತು ನಿಲ್ಲದಿದ್ದರೆ ಆಗುತ್ತಿತ್ತೋ ಏನೋ. ಜೊತೆಗಾರ ಹಿಡಿಯಿಂದ ಕೈ ತೆಗೆದು ಎದ್ದ. ಇವನು ಒಳಗಿನಿಂದ ನೀರು ತಂದುಕೊಟ್ಟ. ಅವನು ಕುಡಿಯದೆ ಹೋದ.

ಗುರುಗಳು ಕತೆ ಅಲ್ಲಿಗೇ ನಿಲ್ಲಿಸಿದರು.

ಹಾಲೇಶ ಕೇಳಿದ: "ಆಮೇಲೆ ಅವನು ಆ ಗರಗಸವನ್ನು ಇಟ್ಟುಕೊಂಡನೇ, ಕೊಟ್ಟುಬಿಟ್ಟನೇ?"

"ಗರಗಸದ ಮಾತು ಬಿಡು," ಎಂದರು ಗುರುಗಳು. "ಟಿವಿಯ ಮುಂದೆ ನಿನ್ನ ಪಕ್ಕ ಕೂತು ಆಡುತ್ತಿದ್ದವನನ್ನು ನೀನು ಕೊನೆಯ ಸಲ ಕರೆದದ್ದು ಯಾವಾಗ?"