ಬಳೆಗಾರನ ದಾರಗಳು

ಕಾರ್ತಿಕ ಮಾಸದ ಎರಡನೆಯ ಸೋಮವಾರ, ಬೆಳಗಿನ ಪಾಠ ಮುಗಿದ ಮೇಲೆ ನಡೆದದ್ದು.

ಮಠದ ಚಿಕಿತ್ಸಾಲಯದ ಕಂಪ್ಯೂಟರನ್ನು ನೋಡಿಕೊಳ್ಳುವ ಶಿಷ್ಯನು ಗುರುಗಳನ್ನು ಕೇಳಿದನು: "ನಲವತ್ತು ಸಾವಿರ ರೋಗಿಗಳ ವಿವರ ನಮ್ಮಲ್ಲಿದೆ. ಆನ್‌ಲೈನಿನಲ್ಲಿ ಔಷಧ ಮಾರುವ ಸಂಸ್ಥೆಯೊಂದು ಅದನ್ನು ಕೇಳುತ್ತಿದೆ. ಹೆಸರನ್ನೂ ಫೋನ್ ಸಂಖ್ಯೆಯನ್ನೂ ಅಳಿಸಿಯೇ ಕೊಡುತ್ತೇವೆ. ಆಮೇಲೆ ಯಾರಿಗೆ ಏನು ತೊಂದರೆ, ಗುರುಗಳೇ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಹನ್ನೆರಡು ಹಳ್ಳಿಗಳನ್ನು ಸುತ್ತುತ್ತಿದ್ದ. ಒಬ್ಬೊಬ್ಬ ಹೆಂಗಸಿನ ಕೈಯ ಸುತ್ತಳತೆಗೂ ಒಂದೊಂದು ದಾರ ಕತ್ತರಿಸಿ, ಊರಿಗೊಂದು ಕಟ್ಟು ಮಾಡಿ ಇಟ್ಟುಕೊಂಡಿದ್ದ. ಮುಂದಿನ ಸಲ ಸರಿಯಾದ ಬಳೆ ಒಯ್ಯುವುದಕ್ಕೆ ಅದು ಬೇಕಿತ್ತು. ಯಾವ ದಾರದ ಮೇಲೂ ಹೆಸರಿರಲಿಲ್ಲ. ಯಾವ ದಾರ ಯಾರದೆಂದು ಅವನು ಯಾರಿಗೂ ಹೇಳುತ್ತಿರಲಿಲ್ಲ.

ಒಂದು ದಿನ ದೂರದ ಊರಿನ ವ್ಯಾಪಾರಿ ಎಂದು ಹೇಳಿಕೊಂಡು ಒಬ್ಬ ಬಂದ. ತಾನು ಬಳೆ ಮಾಡಿಸುವವನು, ಯಾವ ಊರಿನಲ್ಲಿ ಎಂಥ ಅಳತೆಗಳಿವೆ ಎಂದು ತಿಳಿದರೆ ಹಾಗೆಯೇ ಮಾಡಿಸಿ ಕಳಿಸುತ್ತೇನೆ, ಹೆಸರು ತನಗೆ ಬೇಡ ಎಂದ. ಬಳೆಗಾರನಿಗೆ ಸಂತೋಷವಾಯಿತು. ತೀರ ಸಣ್ಣ ಕೈಯವರೂ ತೀರ ದಪ್ಪ ಕೈಯವರೂ ಬಳೆಯಿಲ್ಲದೆ ಹಿಂತಿರುಗುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಕಟ್ಟುಗಳನ್ನು ಒಂದು ದಿನದ ಮಟ್ಟಿಗೆ ಕೊಟ್ಟ.

ಎಲ್ಲ ದಾರಗಳೂ ಒಂಟಿಯಾಗಿದ್ದವು. ಏಳನೆಯ ಊರಿನ ಕಟ್ಟಿನಲ್ಲಿ ಮಾತ್ರ ಒಂದು ಜೋಡಿ ಇತ್ತು, ಒಂದು ಗಿಡ್ಡ, ಒಂದು ಉದ್ದ. ಆ ಊರಿನಲ್ಲಿ ಮುತ್ತುಗದೆಲೆ ಹಚ್ಚಿ ಊಟದೆಲೆ ಮಾಡಿ ಬದುಕುತ್ತಿದ್ದ ಒಬ್ಬ ಹೆಂಗಸಿಗೆ ಎಡಗೈ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅವಳ ಎರಡು ಕೈಗೆ ಎರಡು ಅಳತೆ. ಆ ಕೈಯನ್ನು ಮುರಿದ ಗಂಡನೇ ವ್ಯಾಪಾರಿಯ ವೇಷದಲ್ಲಿ ಬಂದಿದ್ದ. ಮೂರು ವರ್ಷದಿಂದ ಅವಳನ್ನು ಹುಡುಕುತ್ತಿದ್ದ.

ಮರುದಿನ ಅವನು ಏಳನೆಯ ಊರಿನ ಬಾವಿಯ ಬಳಿ ನಿಂತು, ಎಡಗೈ ಸೊಟ್ಟಗಿರುವವಳ ಮನೆ ಯಾವುದೆಂದು ಕೇಳಿದ. ಹೆಂಗಸರು ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಒಬ್ಬಳು ತನ್ನ ಕೈ ಚಾಚಿ, ದುಡಿದು ದುಡಿದು ಇದೂ ಸೊಟ್ಟಗಾಗಿದೆ, ನೋಡಿಕೊಂಡು ಹೋಗಪ್ಪ ಎಂದಳು. ಇನ್ನೊಬ್ಬಳು ಕೊಡವನ್ನು ಅಲ್ಲಿಯೇ ಬಿಟ್ಟು ಆ ಹೆಂಗಸಿನ ಮನೆಯತ್ತ ಸರಸರನೆ ನಡೆದಳು. ಅವನು ಮನೆ ಹುಡುಕಿ ತಲುಪುವಾಗ ಎಲೆ ಹಚ್ಚುವವಳು ಹಿತ್ತಿಲಿನಿಂದ ಹೊರಟುಹೋಗಿದ್ದಳು. ಹಚ್ಚುತ್ತಿದ್ದ ಎಲೆಯಲ್ಲಿ ಕಡ್ಡಿ ಅರ್ಧ ಚುಚ್ಚಿದಂತೆಯೇ ಇತ್ತು.

ದಾರದ ವಿಷಯ ಊರಿಗೆಲ್ಲ ತಿಳಿದಿತ್ತು; ಮುಂದಿನ ತಿಂಗಳು ಬಳೆಗಾರ ಅಲ್ಲಿಗೆ ಬಂದಾಗ ಒಬ್ಬರೂ ಕೈ ಚಾಚಲಿಲ್ಲ. ಅವನು ಜಗಲಿಯ ಮೇಲಿದ್ದ ಮುದುಕಿಯ ಮುಂದೆ ನಿಂತು, "ಅವ್ವಾ, ನಾನು ಅವಳ ಹೆಸರು ಹೇಳಲಿಲ್ಲ" ಎಂದ.

"ಅವಳ ಹೆಸರು ನಮಗೇ ತಿಳಿಯದು, ಬಳೆಗಾರಪ್ಪ," ಎಂದಳು ಮುದುಕಿ. "ಅವಳು ಹೇಳಲಿಲ್ಲ. ನಾವು ಕೇಳಲಿಲ್ಲ."

ಬಳೆಗಾರ ಹನ್ನೆರಡು ಊರಿನ ದಾರಗಳನ್ನೂ ಒಲೆಗೆ ಹಾಕಿದ. ಅಂದಿನಿಂದ ಪ್ರತಿ ಸಲವೂ ಕೈಯನ್ನೇ ನೋಡಿ ಬಳೆ ತೊಡಿಸಿದ. ಕೆಲಸ ನಿಧಾನವಾಯಿತು. ಏಳನೆಯ ಊರಿನವರು ಮತ್ತೆ ಕೈ ಚಾಚಲು ಎರಡು ವರ್ಷ ಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: "ಗುರುಗಳೇ, ಆಕೆ ಅಲ್ಲಿಂದ ಯಾವ ಊರಿಗೆ ಹೋದಳು?"

"ಅದನ್ನು ಕೇಳಿದವರಲ್ಲಿ ನೀನು ಎರಡನೆಯವನು," ಎಂದರು ಗುರುಗಳು.



ಆಗ ಅಲ್ಲಿದ್ದವರು: ಗುರುಗಳಾದ ಮುಪ್ಪಯ್ಯನವರು, ಶಿಷ್ಯ ರೇವಯ್ಯ, ಔಷಧ ಕೊಡುವ ಗೌರಕ್ಕ, ಮತ್ತು ಹೆಸರು ಬರೆಯುವುದು ಬೇಡವೆಂದ ಇನ್ನೊಬ್ಬರು.