ಹುಬ್ಬಿನ ನಡುವಿನ ಬೇರು

ಬಹಳ ಹಿಂದಿನ ಮಾತು. ಯಾವ ವರ್ಷ ಎಂದು ಕೇಳಬೇಡಿ. ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಕರೇಕಲ್ಲು ಕೋಟೆಯ ನೆರಳು ಬೀಳುವಷ್ಟು ಹತ್ತಿರದಲ್ಲಿ ಮಣ್ಣೇಹಾಳು ಎಂಬ ಊರಿತ್ತು. ಆ ಊರಿನ ಕುಂಬಾರಗೇರಿಯಲ್ಲಿ ತೊರೆಯಪ್ಪ ಎಂಬ ಕುಂಬಾರನಿದ್ದ. ಅವನು ಮಣ್ಣಿನಿಂದ ಮಡಕೆ ಮಾಡುತ್ತಿದ್ದ, ಹಣೆಯ ಚರ್ಮದಿಂದ ಮೂಗು ಮಾಡುತ್ತಿದ್ದ. ಹಾಗೆಂದು ಹೇಳುತ್ತಾರೆ.

ನೀವು ಒಡೆದ ಮುಖಗಳನ್ನು ಕೂಡಿಸುವ ಕೆಲಸ ಕಲಿಯಲು ಬಂದವರು. ಆದ್ದರಿಂದ ನೇರವಾಗಿ ಕುಳಿತು, ಕೊನೆಯವರೆಗೂ ಕೇಳಿ.

ಕೋಟೆಯ ದೊರೆಗೆ ಸಿಟ್ಟು ಬಂದರೆ ತಲೆ ತೆಗೆಸುತ್ತಿರಲಿಲ್ಲ, ಮೂಗು ಕೊಯ್ಸುತ್ತಿದ್ದ. ತಲೆ ಹೋದವನು ಮಣ್ಣಾಗುತ್ತಾನೆ, ಜನ ಮರೆಯುತ್ತಾರೆ. ಮೂಗು ಹೋದವನು ಊರಿನಲ್ಲೇ ಓಡಾಡುತ್ತಿರುತ್ತಾನೆ, ಜನ ಮರೆಯುವುದಿಲ್ಲ. ಸೋತ ಸೈನಿಕನ ಮೂಗು ಹೋಯಿತು. ಶತ್ರುವಿಗೆ ಜೋಳ ಸಾಗಿಸಿದ ಗಾಡಿಯವನ ಮೂಗು ಹೋಯಿತು. ಗಂಡ ಸಂಶಯಪಟ್ಟು ಒಂದು ಮಾತು ಆಡಿದರೆ ಸಾಕು, ಹೆಂಡತಿಯ ಮೂಗು ಹೋಯಿತು. ಅವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಣ್ಣೇಹಾಳಿನ ದಾರಿ ಹಿಡಿಯುತ್ತಿದ್ದರು.

ತೊರೆಯಪ್ಪ ಅವರನ್ನು ಒಳಗೆ ಕೂರಿಸಿ ಮೊದಲು ಜೇನುಮೇಣದಲ್ಲಿ ಒಂದು ಮೂಗು ಮಾಡುತ್ತಿದ್ದ. ಅದನ್ನು ಹೋದ ಮೂಗಿನ ಜಾಗದಲ್ಲಿಟ್ಟು ನೋಡುತ್ತಿದ್ದ. ಸರಿಬಂದ ಮೇಲೆ ಆ ಮೇಣವನ್ನು ಚಪ್ಪಟೆ ಬಿಡಿಸಿ, ಹಣೆಯ ಮೇಲೆ ಹರಡಿ, ಸುತ್ತಲೂ ಮಸಿಯ ಗೆರೆ ಎಳೆಯುತ್ತಿದ್ದ. ಕಳ್ಳು ಕುಡಿಸಿ, ಆ ಗೆರೆಯಗುಂಟ ಹಣೆಯ ಚರ್ಮವನ್ನು ಕೊಯ್ದು ಎಬ್ಬಿಸುತ್ತಿದ್ದ. ಆದರೆ ಪೂರ್ತಿ ಕೊಯ್ಯುತ್ತಿರಲಿಲ್ಲ. ಎರಡು ಹುಬ್ಬುಗಳ ನಡುವೆ ಒಂದು ಬೆರಳಗಲ ಹಾಗೇ ಬಿಡುತ್ತಿದ್ದ. ಅದಕ್ಕೆ ಅವನು ಬೇರು ಎನ್ನುತ್ತಿದ್ದ. ಬೇರಿನ ಮೇಲೆ ಚರ್ಮವನ್ನು ತಿರುಚಿ, ಕೆಳಗೆ ಇಳಿಸಿ, ಮೂಗಿನ ಜಾಗದಲ್ಲಿ ಹೊಲಿದು, ಹೊಳ್ಳೆಗಳಲ್ಲಿ ಹರಳುಗಿಡದ ಟೊಳ್ಳು ಕಡ್ಡಿ ಇಡುತ್ತಿದ್ದ. ಇಪ್ಪತ್ತೊಂದು ದಿನ ಆದ ಮೇಲೆ ಬೇರು ಕತ್ತರಿಸುತ್ತಿದ್ದ. ಆಮೇಲೆ ಅದು ಮೂಗು. ಸೀನಿದರೂ ಬೀಳುತ್ತಿರಲಿಲ್ಲ.

ಕೆಲವರು ಅವನು ಸಾವಿರ ಮೂಗು ಮಾಡಿದ ಎನ್ನುತ್ತಾರೆ. ಸಾವಿರ ಆಗಿರಲಾರದು, ಒಬ್ಬ ಮನುಷ್ಯನಿಗೆ ಎರಡೇ ಕೈ. ಆನೆಗೆ ಸೊಂಡಿಲು ಕೂಡಿಸಿದ ಎನ್ನುವವರೂ ಇದ್ದಾರೆ. ಅದು ಸುಳ್ಳು.

ಅವನಲ್ಲಿ ಕಲಿಯಲು ಬಂದವರಿದ್ದರು. ಮೊದಲ ವರ್ಷ ಹಸಿಮಣ್ಣಿನಲ್ಲಿ ಮೂಗು ಮಾಡಬೇಕು. ನೀರಿಗೆ ಬರುವವರ, ಎತ್ತು ಹೊಡೆಯುವವರ, ಜಗಳವಾಡುವವರ ಮೂಗು ನೋಡಿಕೊಂಡು ಮಾಡಬೇಕು, ದಿನಕ್ಕೆ ಹತ್ತು. ಸಂಜೆ ಅವನು ಬಂದು ಹತ್ತನ್ನೂ ಮುದ್ದೆ ಮಾಡಿ ಹೋಗುತ್ತಿದ್ದ. ಎರಡನೆಯ ವರ್ಷ ಸೋರೆಕಾಯಿಯ ಸಿಪ್ಪೆ ಎಬ್ಬಿಸಬೇಕು. ತಿರುಳಿಗೆ ಕತ್ತಿ ತಗುಲಿದರೆ ಆ ಕಾಯಿಯನ್ನು ಅವತ್ತು ಅವರೇ ಬೇಯಿಸಿ ಉಪ್ಪಿಲ್ಲದೆ ತಿನ್ನಬೇಕು. ಮೂರನೆಯ ವರ್ಷ ಕುರಿಯ ತಲೆ. ನಾಲ್ಕನೆಯ ವರ್ಷ ಕತ್ತಿ ಮುಟ್ಟುವ ಹಾಗಿಲ್ಲ. ಮೂಗು ಮಾಡಿಸಿಕೊಳ್ಳಲು ಬಂದವರ ಕೈ ಹಿಡಿದುಕೊಂಡು ತಲೆಯ ಹತ್ತಿರ ಕೂರಬೇಕು, ಅಷ್ಟೇ. ಇದನ್ನು ಕೇಳಿ ಊರವರು ನಗುತ್ತಿದ್ದರು. ಕೈ ಹಿಡಿದುಕೊಂಡು ಕೂರುವುದನ್ನು ಕಲಿಯಲು ತೊರೆಯಪ್ಪನ ಮನೆ ಯಾಕೆ, ಮದುವೆಯಾದರೆ ಸಾಕಲ್ಲ ಎನ್ನುತ್ತಿದ್ದರು.

ಮೂವರು ಕಲಿಯಲು ಬಂದಿದ್ದರು. ಒಬ್ಬ ಸೋರೆಕಾಯಿಗೆ ಬೇಸತ್ತು ಇಟ್ಟಿಗೆ ಸುಡಲು ಹೋದ. ಇನ್ನೊಬ್ಬ ಜ್ವರ ಬಂದು ತೀರಿಕೊಂಡ. ಉಳಿದವಳು ಮಾರಕ್ಕ. ಅವಳು ಕುಂಬಾರರವಳೇ. ಗಂಡ ಸಂಶಯಪಟ್ಟು ಕೋಟೆಗೆ ದೂರು ಕೊಟ್ಟು ಅವಳ ಮೂಗು ಕೊಯ್ಸಿದ್ದ, ತೊರೆಯಪ್ಪ ಮಾಡಿಕೊಟ್ಟಿದ್ದ. ಆ ಇಪ್ಪತ್ತೊಂದು ದಿನ ಹುಬ್ಬಿನ ನಡುವೆ ತಿರುಚಿದ ಗಂಟು ಹೊತ್ತುಕೊಂಡು ಅವಳು ಬಾವಿಗೆ ಹೋದಾಗ, ಹೆಂಗಸರು ಹಣೆಯ ಮೇಲೆ ಬೋಂಡ ಕರಿದಿದ್ದಾಳೆ ನೋಡಿ ಎಂದು ನಕ್ಕಿದ್ದರು. ಅದನ್ನು ಅವಳು ಮರೆಯಲಿಲ್ಲ. ಮೂಗು ಬಂದ ಮೇಲೆ ಗಂಡನ ಮನೆಗೆ ಹೋಗದೆ ಅಲ್ಲೇ ಉಳಿದು ಕಲಿತಳು. ಅವಳ ಕೈ ಗುರುವಿನ ಕೈಗಿಂತ ಹಗುರವಾಗಿತ್ತು ಎಂದು ಹೇಳುತ್ತಾರೆ. ಇದನ್ನು ನಾನು ನಂಬುತ್ತೇನೆ.

ಆದರೆ ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಕೆಲಸವೆಲ್ಲವನ್ನೂ ಕಲಿಸಬಹುದು, ಕೊನೆಯ ಒಂದು ಮಾತನ್ನು ಮಾತ್ರ ಗುರು ಕತ್ತಿ ಕೆಳಗಿಡುವ ದಿನದವರೆಗೆ ಹೇಳಬಾರದು. ಅದಕ್ಕೆ ಒಳಮಾತು ಎನ್ನುತ್ತಿದ್ದರು. ತೊರೆಯಪ್ಪನಿಗೆ ಅವನ ಅಪ್ಪ ಹಾಗೇ ಹೇಳಿದ್ದ. ಅಪ್ಪನಿಗೆ ಅಜ್ಜ ಹಾಗೇ ಹೇಳಿದ್ದ. ಶಿಷ್ಯರಿಗೆ ಎಲ್ಲವೂ ಗೊತ್ತಾಗಿಬಿಟ್ಟರೆ ಗುರುವಿನ ಬಾಗಿಲಿಗೆ ಯಾರು ಬರುತ್ತಾರೆ ಎಂಬ ಹೆದರಿಕೆಯಿಂದ ಹುಟ್ಟಿದ ಪದ್ಧತಿ ಅದು. ಹೆದರಿಕೆ ಎಂದು ಯಾರೂ ಒಪ್ಪಲಿಲ್ಲ, ಮರ್ಯಾದೆ ಎಂದರು.

ಹೀಗಿರುವಾಗ ಬೊಮ್ಮಕ್ಕ ಎಂಬ ಕುರುಬರ ಹುಡುಗಿಯನ್ನು ಕರೆತಂದರು. ಅವಳ ಅಣ್ಣ ಶತ್ರುಗಳಿಗೆ ಬೆಟ್ಟದ ದಾರಿ ತೋರಿಸಿ ಓಡಿಹೋಗಿದ್ದ. ಅಣ್ಣ ಸಿಗಲಿಲ್ಲ, ತಂಗಿ ಸಿಕ್ಕಳು. ಸೋದರಮಾವನ ಮಗನಿಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು.

ತೊರೆಯಪ್ಪನಿಗೆ ಆಗ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು. ಗೆರೆ ಎಳೆದದ್ದು ಅವನು, ಕೊಯ್ದು ಹೊಲಿದದ್ದು ಮಾರಕ್ಕ. ಹುಡುಗಿಯ ಹಣೆ ಕಿರಿದು. ಹುಬ್ಬಿನಿಂದ ಕೂದಲ ಬುಡದವರೆಗೆ ಇದ್ದಷ್ಟನ್ನೂ ತೆಗೆಯಬೇಕಾಯಿತು. ಕೆಲಸ ಚೆನ್ನಾಗಿ ಆಯಿತು. ಏಳನೆಯ ದಿನ ದೂರದ ಊರಿನಿಂದ ಜನ ಬಂದರು. ಗೂಳಿ ತಿವಿದು ಒಬ್ಬನ ದವಡೆ ಎರಡು ತುಂಡಾಗಿದೆ, ಕಟ್ಟಲು ಬರಬೇಕು ಎಂದರು. ಹೊರಡುವಾಗ ತೊರೆಯಪ್ಪ ಮಾರಕ್ಕನಿಗೆ, ಇಪ್ಪತ್ತೊಂದು ದಿನ ಬೇರು ಮುಟ್ಟಬೇಡ ಎಂದ.

"ಇಪ್ಪತ್ತೊಂದೇ ಯಾಕೆ ತಾತ?" ಎಂದು ಮಾರಕ್ಕ ಕೇಳಿದಳು. "ಅಂಟ್ಕೊಂಡಿದ್ರೆ ಹದಿನೈದಕ್ಕೆ ತೆಗೆದ್ರೆ ಏನಾಗುತ್ತೆ?"

"ಅದು ಒಳಮಾತು. ಕತ್ತಿ ಕೆಳಗಿಟ್ಟ ದಿನ ಹೇಳ್ತೀನಿ."

"ಕೈ ನಡುಗ್ತಿದೆ, ಇನ್ನೂ ಕೆಳಗಿಟ್ಟಿಲ್ವಾ?"

ಅವನಿಗೆ ಆ ಮಾತಿನಿಂದ ನೋವಾಯಿತು. ಹೊರಟುಹೋದ. ಒಳಮಾತು ಒಂದು ಉಸಿರಿನಲ್ಲಿ ಹೇಳಬಹುದಾಗಿದ್ದ ಮಾತು.

ಹತ್ತನೆಯ ದಿನ ಸೋದರಮಾವನ ಕಡೆಯಿಂದ ಸುದ್ದಿ ಬಂತು. ಹದಿನಾಲ್ಕನೆಯ ದಿನಕ್ಕೆ ಬೀಳುವ ಸೋಮವಾರ ಬರುತ್ತೇವೆ, ಮುಖ ಮುಖದ ಹಾಗಿದ್ದರೆ ಕರೆದುಕೊಂಡು ಹೋಗುತ್ತೇವೆ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು. ಬೊಮ್ಮಕ್ಕ ಮಾರಕ್ಕನ ಸೆರಗು ಹಿಡಿದು ಬೇಡಿಕೊಂಡಳು.

"ಅಕ್ಕಾ, ಈ ಗಂಟೊಂದು ತೆಗೆದುಬಿಡು. ಮೂಗು ಹೆಂಗಾದ್ರೂ ಇರ್ಲಿ. ಇದನ್ನ ನೋಡಿದ್ರೆ ಅವ್ರು ಹೊಸ್ತಿಲೂ ದಾಟಲ್ಲ."

ಮಾರಕ್ಕ ಎರಡು ದಿನ ಆಗುವುದಿಲ್ಲ ಎಂದಳು. ಹನ್ನೆರಡನೆಯ ದಿನ ಮೂಗನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಕೆಂಪಗಿತ್ತು, ಅಂಚು ಕೂಡಿತ್ತು. ಅವಳು ಕುಂಬಾರರ ಮಗಳು. ಮಡಕೆಗೆ ಹಿಡಿ ಅಂಟಿಸಿದರೆ, ಅಂಟಿದ ಕೂಡಲೇ ಹೆಚ್ಚಿನ ಮಣ್ಣನ್ನು ಕೊಯ್ದು ನಯ ಮಾಡಬೇಕು, ಒಣಗಲು ಬಿಟ್ಟರೆ ಆಮೇಲೆ ಕತ್ತರಿಸಲು ಬರುವುದಿಲ್ಲ. ಹುಟ್ಟಿದಾಗಿನಿಂದ ಅವಳ ಕೈಗೆ ಗೊತ್ತಿದ್ದದ್ದು ಅದು. ಚರ್ಮದ ಲೆಕ್ಕ ಬೇರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಾವಿಯ ಹತ್ತಿರದ ಆ ನಗುವೂ ಅವಳ ಕಿವಿಯಲ್ಲಿತ್ತು. ಕತ್ತಿ ತೆಗೆದುಕೊಂಡು ಬೇರು ಕತ್ತರಿಸಿ, ಹುಬ್ಬಿನ ನಡುವೆ ನಯ ಮಾಡಿದಳು.

ಬೊಮ್ಮಕ್ಕ ಹಿತ್ತಾಳೆ ತಟ್ಟೆಯ ನೀರಿನಲ್ಲಿ ಮುಖ ನೋಡಿಕೊಂಡಳು. ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು, ನಕ್ಕಳು. ಆ ನಗುವನ್ನು ಕಂಡವರು ಬಹಳ ಕಾಲ ಅದರ ಮಾತಾಡುತ್ತಿದ್ದರಂತೆ.

ಮರುದಿನ ಮೂಗು ಬೆಳ್ಳಗಾಯಿತು. ಸೋಮವಾರದ ಹೊತ್ತಿಗೆ ನೀಲಿಗಟ್ಟಿತು. ಸೋದರಮಾವ ಬಂದ, ನಿಂತೇ ನೋಡಿದ, ಕೊಟ್ಟ ಮಜ್ಜಿಗೆಯನ್ನು ಜಗುಲಿಯ ಮೇಲಿಟ್ಟು ಹೋದ. ಅದರ ಎರಡನೆಯ ದಿನ ಮೂಗು ಕಪ್ಪಾಯಿತು. ತೊರೆಯಪ್ಪ ಹಿಂತಿರುಗಿ ಬಂದಾಗ ಮನೆಯೊಳಗೆ ವಾಸನೆ ಬರುತ್ತಿತ್ತು.

ಅವನು ಬೈಯಲಿಲ್ಲ. ಎಷ್ಟನೇ ದಿನ ತೆಗೆದೆ ಎಂದು ಕೇಳಿದ. ಹನ್ನೆರಡು ಎಂದಳು. ಅವನು ಮಡಕೆ ತಿರುಗಿಸುವ ತಿಗರಿಯ ಪಕ್ಕದಲ್ಲಿ ಕುಳಿತುಕೊಂಡ. ಆಮೇಲೆ ಒಳಮಾತು ಹೇಳಿದ.

"ಹೊಸ ಮೂಗಿಗೆ ರಕ್ತ ಬರೋದು ಆ ಬೇರಿಂದ ಮಗಳೇ. ಕೆಳಗಿಂದ ಅದು ತಾನೇ ರಕ್ತ ಎಳಕೊಳ್ಳೋಕೆ ಇಪ್ಪತ್ತೊಂದು ದಿನ ಬೇಕು. ಅಲ್ಲೀವರೆಗೂ ಅದು ಹಣೇದು, ಮೂಗಲ್ಲ."

"ಇಷ್ಟೇನಾ?" ಎಂದಳು ಮಾರಕ್ಕ.

"ಇಷ್ಟೇ."

"ಇಷ್ಟನ್ನ ಬಾಗಿಲಲ್ಲಿ ನಿಂತು ಹೇಳಿದ್ರೆ ಏನಾಗ್ತಿತ್ತು ತಾತ?"

ಅದಕ್ಕೂ ಅವನು ಉತ್ತರ ಕೊಟ್ಟ ಎನ್ನುತ್ತಾರೆ. ತಾನು ಹುಡುಗನಾಗಿದ್ದಾಗ ಒಬ್ಬ ಸೈನಿಕನ ಮೂಗನ್ನು ಹೀಗೇ ಹಾಳು ಮಾಡಿದ್ದನಂತೆ. ತಪ್ಪು ಯಾವುದೆಂದು ಅಪ್ಪ ಹೇಳಲಿಲ್ಲ, ಸಾಯುವಾಗ ಹೇಳಿದ. ಅಪ್ಪ ಮಾಡಿದ್ದನ್ನೇ ತಾನೂ ಮಾಡಿದೆ ಎಂದ. ಗೊತ್ತಿದ್ದೂ ಮಾಡಿದೆ ಎಂದ.

ಬೊಮ್ಮಕ್ಕ ಗೋಡೆಗೆ ಮುಖ ಮಾಡಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಇನ್ನೊಂದು ಮಾಡಿ ಎಂದಳು. ಹಣೆಯಲ್ಲಿ ಜಾಗವಿಲ್ಲ, ಇರುವುದೆಲ್ಲ ಗಾಯದ ಚರ್ಮ, ಅದು ಹಿಡಿಯುವುದಿಲ್ಲ ಎಂದು ತೊರೆಯಪ್ಪ ಹೇಳಿದ. ಹಾಗಾದರೆ ಇಲ್ಲಿಗೆ ಬರದೇ ಇದ್ದಿದ್ದರೆ ಹಣೆಯಾದರೂ ಉಳಿಯುತ್ತಿತ್ತು ಎಂದಳು.

ಅವಳು ಬಾವಿಗೆ ಬಿದ್ದಳು ಎಂದು ಹೇಳುವವರಿದ್ದಾರೆ. ಹಾಗೆಂದರೆ ಕೇಳುವವರಿಗೆ ಕಥೆ ಮುಗಿದಂತಾಗುತ್ತದೆ, ಅಷ್ಟಕ್ಕೇ ಹೇಳುತ್ತಾರೆ. ಅವಳು ಬಾವಿಗೆ ಬೀಳಲಿಲ್ಲ, ಬದುಕಿದಳು. ಬಹಳ ವರ್ಷ ಬದುಕಿದಳು. ಮುಖಕ್ಕೆ ಕಂಬಳಿಯ ತುದಿ ಹೊದ್ದು ಕುರಿಗಳ ಹಿಂದೆ ನಡೆದಳು. ಕುರಿ ತಲೆ ಎತ್ತಿ ಯಾರ ಮುಖವನ್ನೂ ನೋಡುವುದಿಲ್ಲ.

ತೊರೆಯಪ್ಪ ಕತ್ತಿಯನ್ನು ಮಾರಕ್ಕನ ಮುಂದೆ ಇಟ್ಟು, ಇನ್ನು ನಿನ್ನದು, ಎಲ್ಲ ಹೇಳಿದ್ದಾಯಿತು ಎಂದ. ಮಾರಕ್ಕ ಅದನ್ನು ಮುಟ್ಟಲಿಲ್ಲ.

"ಗೊತ್ತಿಲ್ಲದಾಗ ಕೈ ಓಡ್ತಿತ್ತು ತಾತ. ಗೊತ್ತಾದ್ಮೇಲೆ ಏಳ್ತಿಲ್ಲ."

ಅವನು ದಿನವೂ ಕೇಳಿಕೊಂಡ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಕೇಳಿಕೊಂಡ. ಅವಳು ಮಡಕೆಗೆ ಮರಳಿದಳು. ಹಿಡಿ ಇರುವ ಮಡಕೆಯನ್ನು ಮಾತ್ರ ಮಾಡಲಿಲ್ಲ. ತೊರೆಯಪ್ಪ ಇಟ್ಟಿಗೆ ಸುಡಲು ಹೋಗಿದ್ದ ಹಳೆಯ ಶಿಷ್ಯನನ್ನು ಕರೆದ, ಅವನು ಬರಲಿಲ್ಲ. ಬೇರೆ ಊರುಗಳ ಕುಂಬಾರರನ್ನು ಕರೆದ. ಹುಡುಗಿಯ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು.

ಆಮೇಲೆ ತೊರೆಯಪ್ಪ ಬಾವಿಯ ಕಟ್ಟೆಯ ಮೇಲೆ ನಿಂತು ಒಳಮಾತನ್ನು ಎಲ್ಲರಿಗೂ ಹೇಳತೊಡಗಿದ. ನೀರಿಗೆ ಬಂದವರ ಹುಬ್ಬಿನ ನಡುವೆ ಹೆಬ್ಬೆರಳು ಇಟ್ಟು, ಬೇರು ಇಲ್ಲಿದೆ, ರಕ್ತ ಇಲ್ಲಿಂದ ಬರುತ್ತದೆ, ಇಪ್ಪತ್ತೊಂದು ದಿನ ಕತ್ತರಿಸಬೇಡಿ ಎನ್ನುತ್ತಿದ್ದ. ಹೆಂಗಸರು ಕೊಡ ಎತ್ತಿಕೊಂಡು ಓಡುತ್ತಿದ್ದರು. ದನ ಕಾಯುವವರು, ನಮ್ಮ ಎಮ್ಮೆಗೂ ಒಂದು ಸಲ ಹೇಳಿಬಿಡು ತಾತ ಎಂದು ನಗುತ್ತಿದ್ದರು. ಎಮ್ಮೆಗೂ ಹೇಳಿದ ಎನ್ನುತ್ತಾರೆ.

ಕೋಟೆಯಲ್ಲಿ ಮೂಗು ಕೊಯ್ಯುವುದು ನಿಲ್ಲಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಬರುತ್ತಲೇ ಇದ್ದರು. ಅವನು ನಡುಗುವ ಕೈಗಳನ್ನು ಅವರಿಗೆ ತೋರಿಸುತ್ತಿದ್ದ. ಮೂಗನ್ನು ಹೇಗೆ ಮಾಡುತ್ತಾರೆ, ಬೇರನ್ನು ಯಾಕೆ ಬಿಡುತ್ತಾರೆ ಎಂದು ಸಾವಕಾಶವಾಗಿ ವಿವರಿಸುತ್ತಿದ್ದ. ಅವರು ಕೇಳಿಸಿಕೊಂಡು, ಬಂದ ದಾರಿಯಲ್ಲೇ, ಬಂದ ಮುಖದಲ್ಲೇ ಹಿಂತಿರುಗುತ್ತಿದ್ದರು. ಹಾಗೆ ವಿವರಿಸುತ್ತಲೇ ಅವನು ತೀರಿಕೊಂಡ. ಕತ್ತಿಗೆ ತುಕ್ಕು ಹಿಡಿಯಿತು.

ಕೋಟೆ ಬಿದ್ದುಹೋಗಿದೆ, ದೊರೆಯ ಹೆಸರು ಯಾರಿಗೂ ನೆನಪಿಲ್ಲ. ಮಣ್ಣೇಹಾಳಿನಲ್ಲಿ ಈಗಲೂ ಕುಂಬಾರರ ಮಕ್ಕಳನ್ನು ಮೊದಲ ಸಲ ತಿಗರಿಯ ಮುಂದೆ ಕೂರಿಸುವಾಗ, ಮನೆಯ ಹಿರಿಯರು ಹೆಬ್ಬೆರಳನ್ನು ಹಸಿಮಣ್ಣಿನಲ್ಲಿ ಅದ್ದಿ ಮಗುವಿನ ಹುಬ್ಬಿನ ನಡುವೆ ಒತ್ತುತ್ತಾರೆ. ಬೇರು ಇಲ್ಲಿದೆ, ರಕ್ತ ಇಲ್ಲಿಂದ ಬರುತ್ತದೆ ಎನ್ನುತ್ತಾರೆ. ಎಷ್ಟು ದಿನ ಎಂದು ಕೇಳುತ್ತಾರೆ. ಮಗು ಇಪ್ಪತ್ತೊಂದು ಎನ್ನಬೇಕು. ಆಮೇಲೆಯೇ ಮಣ್ಣು ಮುಟ್ಟಿಸುತ್ತಾರೆ. ಆ ಕೇರಿಯಲ್ಲಿ ಹಣೆ ತೊಳೆದುಕೊಳ್ಳುವ ಮಕ್ಕಳೆಲ್ಲರಿಗೂ ಬೇರನ್ನು ಯಾವಾಗ ಕತ್ತರಿಸಬಾರದು ಎಂಬುದು ಗೊತ್ತು.

ಮೂಗು ಮಾಡಬಲ್ಲವರು ಒಬ್ಬರೂ ಇಲ್ಲ.