ಶ್ರೀಪತಿ ರಾಯರ ಐಸ್ ಕಾಫಿ

ತುಮಕೂರಿನ ಹೋಟೆಲ್ ಮಾಲೀಕ ಶ್ರೀಪತಿ ರಾಯರಿಗೆ ಐಸ್ ಕಾಫಿಯ ಹುಚ್ಚು ಹಿಡಿಯಿತು. ಗಿರಾಕಿಗಳಿಗೆಲ್ಲ ಪುಕ್ಕಟೆ ಕುಡಿಸಿ ಅಭಿಪ್ರಾಯ ಕೇಳಿದರು. ಪುಕ್ಕಟೆ ಕೊಟ್ಟರೆ ನಮ್ಮ ಜನ ಬೇವಿನ ಕಷಾಯವನ್ನೂ ಅಮೃತ ಅಂತಾರೆ. ಇದನ್ನೂ ಅಂದರು.

ರಾಯರು ಉಬ್ಬಿಹೋದರು. ಕಾಫಿ ಮಾಡುವ ಬಾಬಣ್ಣನನ್ನು ಕರೆದರು.

"ನೋಡಿದೆಯಾ? ಊರಿಗೆ ಊರೇ ಕೇಳ್ತಿದೆ! ನಾಳೆಯಿಂದ ಬಿಸಿ ಕಾಫಿ ಬಂದ್. ನಿನ್ನ ಒಲೆಯೂ ಬಂದ್!"

"ಆಗಲಿ ರಾಯರೇ" ಎಂದ ಬಾಬಣ್ಣ.

ಮರುದಿನ ಬೆಳಿಗ್ಗೆ ರಾಯರು ಗಲ್ಲಾದಲ್ಲಿ ಕೂತು, ಪೇಪರಿನಿಂದ ಕಣ್ಣೆತ್ತದೆ ದಿನದ ಕಾಫಿಗೆ ಕೈ ಚಾಚಿದರು. ಬಾಬಣ್ಣ ಐಸ್ ಕಾಫಿಯನ್ನೇ ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟ.

ಒಂದೇ ಗುಟುಕು. ರಾಯರು ಗುಡುಗಿದರು.

"ಥೂ! ತಣ್ಣಗೆ ಕೊರೀತಿದೆ! ಇದನ್ನ ಮನುಷ್ಯರು ಕುಡೀತಾರೇನೋ? ಬಿಸಿ ಮಾಡ್ಕೊಂಡು ಬಾ!"

"ಇದು ಊರಿಗೆ ಊರೇ ಕೇಳ್ತಿರೋ ಕಾಫಿ, ರಾಯರೇ" ಎಂದ ಬಾಬಣ್ಣ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು. "ಬಿಸಿ ಮಾಡೋಕೆ ಒಲೆ ಬೇಕು. ಹಚ್ಚಲಾ?"